ತೋಡಿನ ಬದಿಯಲ್ಲಿ ನಿಂತ ರಾಣಿ: ಅಬ್ಬಕ್ಕದೇವಿ ಚೌಟ

ಸಹಕಾರಿ ಸಂಘದ ರಜತ ಮಹೋತ್ಸವದ ಸ್ಮರಣ ಸಂಚಿಕೆ ಎಂದ ಮೇಲೆ ಸಂಘ ನಡೆದು ಬಂದ ದಾರಿ, ಲೆಕ್ಕಪತ್ರ, ಹಿಂದಿನ ಅಧ್ಯಕ್ಷರುಗಳ ಭಾವಚಿತ್ರ, ಜಾಹೀರಾತು ಇವೆಲ್ಲ ಇರತಕ್ಕದ್ದೇ. ಅದರ ಜೊತೆಗೆ ನಮ್ಮ ಸೀಮೆಯ ಹಿರಿಯ ಚೇತನವೊಂದರ ನೆನಪೂ ಇರಲಿ ಎಂಬ ಅಪೇಕ್ಷೆಯಿಂದ ಈ ಕೆಲವು ಪುಟಗಳನ್ನು ಸದಸ್ಯ ಬಂಧುಗಳ ಮುಂದಿಡುತ್ತಿದ್ದೇವೆ. ನಾವು ಆರಿಸಿಕೊಂಡದ್ದು ರಾಣಿ ಅಬ್ಬಕ್ಕದೇವಿಯನ್ನು. ಇದೆಂತ, ಎಲ್ಲರಿಗೂ ಗೊತ್ತಿರುವ ಕತೆಯಲ್ವಾ ಎಂದು ಯಾರಾದರೂ ಕೇಳಬಹುದು. ಗೊತ್ತಿರುವುದು ಹೌದು. ಆದ್ರೆ ನಮಗೆ ಗೊತ್ತಿರುವುದು ಕತ್ತಿ ಹಿಡಿದ ಅಬ್ಬಕ್ಕ, ಕುದುರೆ ಏರಿದ ಅಬ್ಬಕ್ಕ, ಪರಂಗಿಯವರ ಹಡಗಿಗೆ ಬೆಂಕಿಬಾಣ ಬಿಟ್ಟ ಅಬ್ಬಕ್ಕ. ಗದ್ದೆಗೆ ನೀರು ಬಿಡುವ ಕೆಲಸದ ಮೇಲೆ ತಾನೇ ನಿಂತ ಅಬ್ಬಕ್ಕನನ್ನು ಕಂಡವನೊಬ್ಬ ಇದ್ದ. ಆತ ಬರೆದಿಟ್ಟದ್ದನ್ನು ನಮ್ಮ ಹಳ್ಳಿಗಳಲ್ಲಿ ಓದಿದವರು ಕಡಿಮೆ. ರೈತರ ಸಂಘದ ಸಂಚಿಕೆಗೆ ಆ ಅಬ್ಬಕ್ಕನೇ ಹೆಚ್ಚು ಹತ್ತಿರದವಳು ಎಂದು ನಮ್ಮ ಭಾವನೆ.

ಎರಡು ಹೊಳೆಗಳ ನಾಡು

ಮೊದಲು ಊರಿನ ವಿಚಾರ. ಬೆಳ್ತಂಗಡಿ ಕಡೆಯ ಘಟ್ಟದ ಬುಡದಿಂದ ನಮ್ಮ ಜಿಲ್ಲೆಯ ಎರಡು ಹೊಳೆಗಳಿಗೂ ನೀರು ಇಳಿಯುತ್ತದೆ. ಒಂದು ನೇತ್ರಾವತಿ. ಇದು ಧರ್ಮಸ್ಥಳದ ಬದಿಯಿಂದ ಉಪ್ಪಿನಂಗಡಿ, ಬಂಟ್ವಾಳ, ಪಾಣೆಮಂಗಳೂರು ದಾಟಿ ಉಳ್ಳಾಲದ ಅಳಿವೆ ಸೇರುತ್ತದೆ. ಇನ್ನೊಂದು ಫಲ್ಗುಣಿ. ಇದು ವೇಣೂರಿನ ಹತ್ತಿರ ಹಾದು ಪೊಳಲಿ, ಗುರುಪುರ ಎಂದು ಸುತ್ತಿ ಮಂಗಳೂರಿನಲ್ಲಿ ನೇತ್ರಾವತಿಯ ಹತ್ತಿರವೇ ಸಮುದ್ರ ಕಾಣುತ್ತದೆ. ಹಿಂದಿನ ಕಾಲದಲ್ಲಿ ಈ ಹೊಳೆಗಳೇ ನಮಗೆ ರಸ್ತೆ. ಘಟ್ಟದ ಕಾಳುಮೆಣಸು, ಬೈಲಿನ ಅಕ್ಕಿ ದೋಣಿಯಲ್ಲಿ ಇಳಿಯುತ್ತಿತ್ತು, ಉಪ್ಪು, ಒಣಮೀನು ಮೇಲೆ ಹತ್ತುತ್ತಿತ್ತು.

ಈ ಎರಡು ಹೊಳೆಗಳ ಆಚೆ ಈಚೆ ಹಲವು ಅರಸುಮನೆತನಗಳು ನಾಡನ್ನು ಹಂಚಿಕೊಂಡು ಆಳುತ್ತಿದ್ದವು. ಎಲ್ಲರೂ ಜೈನ ಅರಸರು. ಬೆಳ್ತಂಗಡಿ ತಾಲೂಕಿನ ಬಂಗಾಡಿಯಲ್ಲಿ ಬಂಗರ ಮೂಲಸ್ಥಾನ. ಅಲ್ಲಿಂದ ಅವರು ಬಂಟ್ವಾಳದ ನಂದಾವರಕ್ಕೂ ಮಂಗಳೂರಿಗೂ ಇಳಿದು ಬಂದರು. ವೇಣೂರು, ಅಳದಂಗಡಿ ಸೀಮೆ ಅಜಿಲರದ್ದು. 1604ರಲ್ಲಿ ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದ್ದು ಅಜಿಲ ಅರಸ ತಿಮ್ಮಣ್ಣ. ಉಳ್ಳಾಲ, ಪುತ್ತಿಗೆ, ಮೂಡುಬಿದಿರೆ ಈ ಸೀಮೆ ಚೌಟರದ್ದು. ಉಳ್ಳಾಲದ ಬದಿಯ ಸೋಮೇಶ್ವರದ ಸೋಮನಾಥ ಚೌಟರ ಆರಾಧ್ಯದೇವರು. ಅರಸರು ಜೈನರು, ಕುಲದೇವರು ಶಿವ. ನಮ್ಮ ತುಳುನಾಡಿನಲ್ಲಿ ಇದು ಯಾರಿಗೂ ಆಶ್ಚರ್ಯದ ವಿಷಯವೇ ಅಲ್ಲ.

ಮೂಡುಬಿದಿರೆ ಆಗಲೇ ದೊಡ್ಡ ಪೇಟೆ. ಹದಿನೆಂಟು ಬಸದಿಗಳ ಊರು. 1430ರ ಸುಮಾರಿಗೆ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡಿದರೆ ಅಂದಿನ ವರ್ತಕರ ಕೈಯಲ್ಲಿ ಎಷ್ಟು ಹಣ ಓಡಾಡುತ್ತಿತ್ತು ಎಂದು ತಿಳಿಯುತ್ತದೆ. ಆ ಹಣ ಬಂದದ್ದು ಮೆಣಸು ಮತ್ತು ಅಕ್ಕಿಯ ವ್ಯಾಪಾರದಿಂದ. ಇಂದಿಗೂ ಮೂಡುಬಿದಿರೆಯ ಚೌಟರ ಅರಮನೆಗೆ ಹೋದವರು ಮರದ ಕಂಬದ ಮೇಲೆ ಒಂಬತ್ತು ಮಂದಿ ಹೆಂಗಸರು ಸೇರಿ ಆನೆಯಾದ ನವನಾರಿ ಕುಂಜರವನ್ನೂ ಐವರು ಸೇರಿ ಕುದುರೆಯಾದ ಪಂಚನಾರಿ ತುರಗವನ್ನೂ ನೋಡಬಹುದು. ಹೆಂಗಸರು ಒಟ್ಟು ಸೇರಿದರೆ ಆನೆಯ ಬಲ ಬರುತ್ತದೆ ಎಂದು ಆ ಬಡಗಿ ಯೋಚಿಸಿದನೋ ಇಲ್ಲವೋ, ನಮಗಂತೂ ಹಾಗೆ ಅನ್ನಿಸುತ್ತದೆ.

ತಾಯಿಯ ಕಡೆಯ ಹಕ್ಕು

ಈ ಮನೆತನಗಳಲ್ಲಿ ನಡೆಯುತ್ತಿದ್ದದ್ದು ಅಳಿಯಸಂತಾನ ಕಟ್ಟು. ಮಾವನ ಆಸ್ತಿ ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಕ್ಕಳಿಗೆ. ಕುಟುಂಬ ಬೆಳೆಯುವುದು ಹೆಣ್ಣಿನಿಂದ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬರುವವರೆಗೂ ನಮ್ಮ ಜಿಲ್ಲೆಯ ಎಷ್ಟೋ ಗುತ್ತು ಮನೆಗಳಲ್ಲಿ ಈ ಕ್ರಮವೇ ಇದ್ದದ್ದು ಹಿರಿಯರಿಗೆ ನೆನಪಿದೆ. ಹೀಗಾಗಿ ಚೌಟರ ಪಟ್ಟಕ್ಕೆ ಹೆಣ್ಣೊಬ್ಬಳು ಬಂದದ್ದು ಗತಿಯಿಲ್ಲದೆ ಅಲ್ಲ, ಹಕ್ಕಿನಿಂದ. ಸೋದರಮಾವ ತಿರುಮಲರಾಯ ಚೌಟನು ಅಬ್ಬಕ್ಕನನ್ನು ಚಿಕ್ಕಂದಿನಿಂದಲೇ ಕತ್ತಿವರಸೆ, ಕುದುರೆ ಸವಾರಿ, ರಾಜಕಾರ್ಯದಲ್ಲಿ ಪಳಗಿಸಿ ಉಳ್ಳಾಲದಲ್ಲಿ ಪಟ್ಟ ಕಟ್ಟಿದನೆಂದು ಪರಂಪರೆಯ ಹೇಳಿಕೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಪೋರ್ಚುಗೀಸರ ಬರಹಗಳಲ್ಲಿ ಉಳ್ಳಾಲದ ರಾಣಿ ಕಾಣಿಸಿಕೊಳ್ಳುವುದು 1550ರ ದಶಕದಲ್ಲಿ. ನಾವು ಮುಂದೆ ಹೇಳಲಿರುವ ಪ್ರವಾಸಿ ರಾಣಿಯನ್ನು ಕಂಡದ್ದು 1623ರಲ್ಲಿ. ಆಗ ಆಕೆಗೆ ಸುಮಾರು ನಲ್ವತ್ತು ವರ್ಷ ಎಂದು ಆತ ಅಂದಾಜು ಹಾಕಿದ್ದಾನೆ. ಲೆಕ್ಕ ಹಾಕಿದರೆ ಇಬ್ಬರೂ ಒಬ್ಬಳೇ ಆಗುವ ಹಾಗಿಲ್ಲ. ಆದ್ದರಿಂದ ವಿದ್ವಾಂಸರು ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಇದ್ದರು ಎನ್ನುತ್ತಾರೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ನಮ್ಮಲ್ಲಿ ಇಂದಿಗೂ ಉಂಟಲ್ಲ. ಜನರ ನೆನಪಿನಲ್ಲಿ ಈ ಹೆಂಗಸರೆಲ್ಲ ಸೇರಿ ಒಬ್ಬಳೇ ಅಬ್ಬಕ್ಕನಾಗಿದ್ದಾಳೆ. ಇದರಿಂದ ಆಕೆಯ ಘನತೆ ಕಡಿಮೆಯಾಗುವುದಿಲ್ಲ. ಒಂದು ಕುಟುಂಬದ ಹೆಂಗಸರು ಎರಡು ಮೂರು ತಲೆಮಾರು ಒಂದೇ ಹಟ ಹಿಡಿದು ನಿಂತರು ಎಂದಾಗ ಅದು ಇನ್ನೂ ಹೆಚ್ಚಿನ ಸಂಗತಿ ಆಗುತ್ತದೆ.

ಹಿರಿಯ ಅಬ್ಬಕ್ಕ ಮತ್ತು ಪರಂಗಿಯವರು

1498ರಲ್ಲಿ ಕಲ್ಲಿಕೋಟೆಗೆ ಬಂದ ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದರು. ಅವರ ಕ್ರಮ ಹೇಗೆಂದರೆ, ಸಮುದ್ರದಲ್ಲಿ ಯಾರ ಹಡಗು ಹೋಗಬೇಕಾದರೂ ಅವರ ರಹದಾರಿ ಚೀಟಿ ಬೇಕು. ಚೀಟಿ ಇಲ್ಲದ ಹಡಗು ಕಂಡರೆ ಸರಕು ಲೂಟಿ. ಮೇಲಿಂದ ಕರಾವಳಿಯ ಅರಸರು ಕಪ್ಪ ಕೊಡಬೇಕು. ಗೋವೆಯ ಪರಂಗಿಗಳ ಊಟಕ್ಕೆ ಬೇಕಾದ ಅಕ್ಕಿ ಹೋಗುತ್ತಿದ್ದದ್ದು ನಮ್ಮ ಕೆನರಾ ಕರಾವಳಿಯಿಂದಲೇ. ನಮ್ಮ ಗದ್ದೆಯ ಅಕ್ಕಿ ಉಂಡು ನಮ್ಮ ಮೇಲೆಯೇ ತೆರಿಗೆ ಹಾಕುವುದು ಎಂದರೆ ಯಾರಿಗೆ ತಾನೇ ಸಹಿಸೀತು?

ಉಳ್ಳಾಲದ ರಾಣಿ ಕಪ್ಪ ಕೊಡಲು ಒಪ್ಪಲಿಲ್ಲ. 1550ರ ದಶಕದಲ್ಲಿ ಡಾಮ್ ಅಲ್ವಾರೊ ದ ಸಿಲ್ವೇರಾ ಎಂಬ ಕಪ್ತಾನ ಹಡಗುಗಳೊಡನೆ ಬಂದು ಉಳ್ಳಾಲದ ಮೇಲೆ ಬಿದ್ದ. ಆಮೇಲೆ ಸಂಧಿಯಾಯಿತು. ಸಂಧಿ ನಿಲ್ಲಲಿಲ್ಲ. 1568ರಲ್ಲಿ ವೈಸರಾಯ್ ಅಂತಾವೊ ದ ನೊರೋನ್ಹ ತಾನೇ ದೊಡ್ಡ ಪಡೆ ಕಟ್ಟಿಕೊಂಡು ಬಂದು ಪೇಟೆ ಸುಟ್ಟು ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ ಹೆಸರಿನ ಕೋಟೆ ಕಟ್ಟಿದ. ವೈಸರಾಯನೇ ಬರಬೇಕಾಯಿತು ಎನ್ನುವುದರಿಂದ ಈ ಸಣ್ಣ ರಾಜ್ಯದ ರಾಣಿ ಅವರಿಗೆ ಎಷ್ಟು ತಲೆನೋವಾಗಿದ್ದಳು ಎಂದು ತಿಳಿದುಕೊಳ್ಳಬಹುದು. 1570ರ ಸುಮಾರಿಗೆ ಕಲ್ಲಿಕೋಟೆಯ ಸಾಮೂದಿರಿಯ ನಾವಿಕ ಕುಟ್ಟಿ ಪೋಕರ್, ರಾಣಿಯ ಕೇಳಿಕೆಯ ಮೇರೆಗೆ ರಾತ್ರಿ ಹೊತ್ತು ಆ ಕೋಟೆಯ ಗೋಡೆ ಏರಿ ದಾಳಿ ಮಾಡಿದ. ಹಿಂದೆ ಹೋಗುವಾಗ ಸಮುದ್ರದಲ್ಲಿ ಪೋರ್ಚುಗೀಸರ ಕೈಯಲ್ಲಿ ಸತ್ತ.

ಜನರ ಬಾಯಲ್ಲಿರುವ ಕತೆಗಳು ಇನ್ನೂ ಬಣ್ಣದವು. ಶತ್ರು ಅರಮನೆಗೆ ನುಗ್ಗಿದಾಗ ರಾಣಿ ಮಸೀದಿಯಲ್ಲಿ ಆಶ್ರಯ ಪಡೆದದ್ದು, ಅದೇ ರಾತ್ರಿ ಇನ್ನೂರು ಮಂದಿಯನ್ನು ಕಟ್ಟಿಕೊಂಡು ತಿರುಗಿ ಬಿದ್ದದ್ದು, ಮೊಗವೀರರು ಒಣ ತೆಂಗಿನ ಗರಿಗೆ ಬೆಂಕಿ ಹಚ್ಚಿ ಹಡಗಿನ ಮೇಲೆ ಎಸೆದದ್ದು. ಯಕ್ಷಗಾನದಲ್ಲಿ, ನಾಟಕದಲ್ಲಿ ಇವನ್ನೆಲ್ಲ ನೋಡಿದ್ದೇವೆ. ಇದರಲ್ಲಿ ಒಂದು ಸತ್ಯ ಉಂಟು. ಆಕೆಯ ಬಲಗೈಯಾಗಿ ನಿಂತವರು ಬಂಟರು, ಬಿಲ್ಲವರು, ಮೊಗವೀರರು, ಮಾಪಿಳ್ಳೆಗಳು ಹೀಗೆ ಎಲ್ಲ ಜಾತಿಯವರೂ ಎಂದು ಈ ಸೀಮೆಯ ಪ್ರತಿಯೊಬ್ಬನೂ ನಂಬಿಕೊಂಡು ಬಂದಿದ್ದಾನೆ. ಆಕೆಯ ಕತೆಯಲ್ಲಿ ತನ್ನದೂ ಒಂದು ಪಾಲು ಉಂಟು ಎಂದು ಎಲ್ಲ ಕೇರಿಯವರಿಗೂ ಅನ್ನಿಸುತ್ತದೆ.

ಗಂಡನ ಮನೆಯ ವ್ಯಾಜ್ಯ

ಈಗ ಕಿರಿಯ ಅಬ್ಬಕ್ಕನ ವಿಷಯಕ್ಕೆ ಬರೋಣ. ಈಕೆಯ ಮದುವೆ ಬಂಗ ಅರಸನ ಜೊತೆ ಆಯಿತು. ಮದುವೆ ಆದರೂ ರಾಣಿ ತನ್ನ ಸೀಮೆಯಲ್ಲಿ, ಅರಸ ತನ್ನ ಸೀಮೆಯಲ್ಲಿ. ಎರಡು ರಾಜ್ಯಗಳ ಗಡಿಯಲ್ಲಿ, ಹೊಳೆಯ ಮೇಲೆ ದೋಣಿಗಳಿಗೆ ಡೇರೆ ಕಟ್ಟಿಸಿ ಇಬ್ಬರೂ ಭೇಟಿಯಾಗುತ್ತಿದ್ದರಂತೆ. ಅಳಿಯಸಂತಾನದ ಮನೆಗಳಲ್ಲಿ ಹೆಂಡತಿ ತನ್ನ ತಾಯಿಮನೆಯಲ್ಲೇ ಇರುವ ಪದ್ಧತಿ ತಿಳಿದವರಿಗೆ ಇದು ವಿಚಿತ್ರವಾಗಿ ಕಾಣದು.

ಸಂಬಂಧ ಕೆಟ್ಟಿತು. ರಾಣಿಯೇ ಅದನ್ನು ಕಡಿದುಕೊಂಡಳು. ಆಗಿನ ಕ್ರಮದಂತೆ ಗಂಡ ಕೊಟ್ಟ ಒಡವೆಗಳನ್ನೆಲ್ಲ ಒಂದೂ ಬಿಡದೆ ಹಿಂದೆ ಕಳಿಸಿದಳು. ಬಂಗರಸನಿಗೆ ಅವಮಾನವಾಯಿತು. ರಾಣಿ ಹೊಳೆಯಲ್ಲಿ ವಿಹಾರ ಮಾಡುತ್ತಿದ್ದಾಗ ಆಕೆಯನ್ನು ಹಿಡಿಸಿದ. ರಾಣಿ ಒಳ್ಳೆಯ ಮಾತನಾಡಿ, ಭರವಸೆ ಕೊಟ್ಟು ಬಿಡಿಸಿಕೊಂಡು ಬಂದಳು. ಬಂದವಳೇ ಯುದ್ಧ ಸಾರಿದಳು. ಬಂಗರಸ ಪೋರ್ಚುಗೀಸರ ಸಹಾಯ ಬೇಡಿದ. ರಾಣಿ ಘಟ್ಟದ ಮೇಲಿನ ಇಕ್ಕೇರಿಯ ವೆಂಕಟಪ್ಪ ನಾಯಕನಿಗೆ ಓಲೆ ಕಳಿಸಿದಳು. 1618ರ ಹೊತ್ತಿಗೆ ವೆಂಕಟಪ್ಪ ನಾಯಕನ ದಂಡು ಘಟ್ಟ ಇಳಿದು ಬಂಗರನ್ನೂ ಅವರ ನೆರವಿಗೆ ಬಂದ ಪರಂಗಿ ಪಡೆಯನ್ನೂ ಸೋಲಿಸಿತು. ಬಂಗರಸ ರಾಜ್ಯ ಬಿಟ್ಟು ಹೋಗಬೇಕಾಯಿತು.

ಇಲ್ಲಿ ಲಾಭ ಎಷ್ಟು, ನಷ್ಟ ಎಷ್ಟು ಎಂದು ನೋಡಬೇಕು. ಗೆದ್ದದ್ದು ಹೌದು. ಆದ್ರೆ ದೊಡ್ಡವರ ಸಹಾಯ ಪುಕ್ಕಟೆ ಬರುವುದಿಲ್ಲ. ಮುಂದೆ ರಾಣಿ ಇಕ್ಕೇರಿಗೆ ಕಪ್ಪ ಕೊಡುವವಳಾದಳು. ಬಂಗರು, ಚೌಟರು, ಅಜಿಲರು, ಒಬ್ಬರ ಬೈಲಿನ ನೀರು ಇನ್ನೊಬ್ಬರ ಬೈಲಿಗೆ ಹರಿಯುವಷ್ಟು ಹತ್ತಿರದವರು, ನೆಂಟರು, ಒಂದೇ ಧರ್ಮದವರು. ಇವರು ಒಟ್ಟಾಗಿ ಕೂತು ವ್ಯಾಜ್ಯ ತೀರಿಸಿಕೊಂಡಿದ್ದರೆ ಹೊರಗಿನವರಿಗೆ ಇಲ್ಲಿ ಕೆಲಸವೇ ಇರುತ್ತಿರಲಿಲ್ಲ. ನಾಲ್ಕುನೂರು ವರ್ಷದ ಹಿಂದಿನ ಈ ಪಾಠ ಇವತ್ತಿಗೂ ಹಳತಾಗಲಿಲ್ಲ ಎಂದು ನಮಗೆ ತೋರುತ್ತದೆ.

ರೋಮಿನಿಂದ ಬಂದ ಪ್ರವಾಸಿ

ಈ ಯುದ್ಧದ ನಂತರ ಬಂಗರಸನ ವಿಷಯ ಇತ್ಯರ್ಥ ಮಾಡಲು ಗೋವೆಯ ಪೋರ್ಚುಗೀಸರು 1623ರಲ್ಲಿ ಇಕ್ಕೇರಿಗೆ ರಾಯಭಾರಿಯನ್ನು ಕಳಿಸಿದರು. ಅವರ ಜೊತೆಗೆ ಬಂದವನು ಪಿಯೆತ್ರೊ ದೆಲ್ಲಾ ವಾಲ್ಲೆ. ಪೋರ್ಚುಗೀಸ ಅಲ್ಲ, ರೋಮಿನವ. ವ್ಯಾಪಾರಿಯೂ ಅಲ್ಲ, ಪಾದ್ರಿಯೂ ಅಲ್ಲ. 1586ರಲ್ಲಿ ದೊಡ್ಡ ಮನೆತನದಲ್ಲಿ ಹುಟ್ಟಿ, 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿ, ತುರ್ಕಿ, ಈಜಿಪ್ಟ್, ಜೆರುಸಲೇಮ್, ಬಾಗ್ದಾದ್, ಪರ್ಷಿಯ ಎಂದು ತಿರುಗಿದವನು.

ಅವನ ತಿರುಗಾಟ ಒಂಟಿಯಾಗಿ ನಡೆದದ್ದಲ್ಲ. ಬಾಗ್ದಾದಿನಲ್ಲಿ ಸಿತ್ತಿ ಮಾನಿ ಎಂಬ ಕ್ರಿಶ್ಚಿಯನ್ ಹುಡುಗಿಯನ್ನು ಮದುವೆಯಾದ. ಆಕೆ ಗಂಡನ ಜೊತೆ ಮರುಭೂಮಿ, ದಂಡು, ಬಿಡಾರ ಎಲ್ಲ ದಾಟಿ ನಡೆದಳು. ಅವರು ಸಾಕಿಕೊಂಡ ಜಾರ್ಜಿಯ ದೇಶದ ಅನಾಥ ಹುಡುಗಿ ಮರಿಯುಚ್ಚ ಕೂಡ ಜೊತೆಗಿದ್ದಳು. 1621ರ ಕೊನೆಗೆ ಪರ್ಷಿಯದ ಕರಾವಳಿಯಲ್ಲಿ ಸಿತ್ತಿ ಮಾನಿ ಜ್ವರದಲ್ಲಿ ತೀರಿಕೊಂಡಳು. ಪರದೇಶದ ಮಣ್ಣಿನಲ್ಲಿ ಆಕೆಯನ್ನು ಬಿಟ್ಟುಹೋಗಲು ಗಂಡನಿಗೆ ಮನಸ್ಸು ಬರಲಿಲ್ಲ. ಶರೀರ ಕೆಡದಂತೆ ಕರ್ಪೂರ ಹಾಕಿಸಿ ಪೆಟ್ಟಿಗೆಯಲ್ಲಿಟ್ಟು, ಸಮುದ್ರ ದಾಟಿ ಹಿಂದೂಸ್ಥಾನಕ್ಕೂ ತಂದ. ಕೊನೆಗೆ 1626ರಲ್ಲಿ ರೋಮಿಗೆ ಮುಟ್ಟಿಸಿ ತನ್ನ ಕುಟುಂಬದವರ ಸಮಾಧಿಯಲ್ಲೇ ಮಣ್ಣು ಮಾಡಿದ. ಮುಂದೆ ಆ ಮರಿಯುಚ್ಚಳನ್ನೇ ಮದುವೆಯಾದ. 1652ರಲ್ಲಿ ತೀರಿಕೊಂಡ. ಸ್ನೇಹಿತನಿಗೆ ಬರೆದ ಅವನ ಪತ್ರಗಳಲ್ಲಿ ನಮ್ಮ ದೇಶದ ಭಾಗ 1663ರಲ್ಲಿ ಅಚ್ಚಾಯಿತು. ನಮ್ಮ ರಾಣಿಯ ವಿಷಯ ನಮಗೆ ಸಿಕ್ಕಿದ್ದು ಆ ಪತ್ರಗಳಿಂದ.

ಹೊನ್ನಾವರ, ಗೇರುಸೊಪ್ಪೆ, ಇಕ್ಕೇರಿ ನೋಡಿಕೊಂಡು ಘಟ್ಟ ಇಳಿದು ಬಸರೂರಿನ ಮೇಲೆ ಆತ ಮಂಗಳೂರಿಗೆ ಬಂದ. ಅದು 1623ರ ಡಿಸೆಂಬರ್. ರಾಣಿಯನ್ನು ನೋಡಬೇಕೆಂಬ ಆಸೆ. ವಿಚಾರಿಸಿದಾಗ ಆಕೆ ಉಳ್ಳಾಲದಲ್ಲಿಲ್ಲ, ಒಳನಾಡಿನ ಮಣೇಲಿನಲ್ಲಿದ್ದಾಳೆ ಎಂದು ತಿಳಿಯಿತು. ಗುರುಪುರ, ಪೊಳಲಿ ಕಡೆಯ ಮಳಲಿಯ ಬದಿಯ ಮಣೇಲೇ ಇದು ಎಂದು ಇಂದು ತಿಳಿದವರು ಗುರುತಿಸುತ್ತಾರೆ. ಆತ ಅಲ್ಲಿಗೂ ಹೋದ.

ಮಣೇಲಿನ ದಾರಿಯಲ್ಲಿ

ಅರಮನೆಯಲ್ಲಿ ಸಿಂಹಾಸನದ ಮೇಲೆ ರಾಣಿಯನ್ನು ಕಾಣುವೆನೆಂದು ಹೋದವನಿಗೆ ಆಕೆ ಸಿಕ್ಕಿದ್ದು ದಾರಿಯಲ್ಲಿ, ನಡೆದುಕೊಂಡು ಬರುವಾಗ. ಕಾಲಿಗೆ ಚಪ್ಪಲಿ ಇಲ್ಲ. ಸೊಂಟದಿಂದ ಕೆಳಗೆ ದಪ್ಪ ಬಿಳಿ ಹತ್ತಿಬಟ್ಟೆ. ಬಿಸಿಲಿಗೆ ತಲೆಯ ಮೇಲೊಂದು ವಸ್ತ್ರ. ಮೈಬಣ್ಣ ಕಪ್ಪು, ತುಂಬಿದ ಶರೀರ, ವಯಸ್ಸು ಸುಮಾರು ನಲ್ವತ್ತು. ಸುತ್ತ ಆಯುಧ ಹಿಡಿದ ಒಂದಿಷ್ಟು ಜನ. ಎಲ್ಲಿಗೆ ಹೊರಟದ್ದು ಎಂದರೆ, ಗದ್ದೆಗಳಿಗೆ ನೀರು ಹಾಯಿಸಲು ಹೊಸದಾಗಿ ತೋಡಿಸುತ್ತಿದ್ದ ಕಾಲುವೆಗಳ ಕೆಲಸ ನೋಡಲಿಕ್ಕೆ.

ನೋಡಲು ಅಡುಗೆಯವಳೋ ಬಟ್ಟೆ ಒಗೆಯುವವಳೋ ಎಂಬ ಹಾಗೆ ಇದ್ದಾಳೆ, ರಾಣಿಯ ಹಾಗಲ್ಲ ಎಂದು ದೆಲ್ಲಾ ವಾಲ್ಲೆ ಬರೆದಿದ್ದಾನೆ. ಆದರೆ ಆಕೆ ಮಾತನಾಡತೊಡಗಿದ ಮೇಲೆ ಆ ವಿವೇಕ ಕಂಡು ರಾಣಿ ಎಂದು ಒಪ್ಪಿಕೊಂಡಿದ್ದಾನೆ. ಈ ಮಾತನ್ನು ಓದಿ ಕೆಲವರಿಗೆ ಬೇಸರ ಬರಬಹುದು. ನಮಗೆ ಬರಲಿಲ್ಲ. ಅಡುಗೆ ಮಾಡುವವಳ, ಬಟ್ಟೆ ಒಗೆಯುವವಳ ಹಾಗೆ ಕಾಣುವುದು ಅವಮಾನ ಎಂದು ರೋಮಿನ ಶ್ರೀಮಂತನಿಗೆ ಅನ್ನಿಸಿದರೆ ಅದು ಅವನ ಊರಿನ ಲೆಕ್ಕ. ನಮ್ಮ ಊರಿನಲ್ಲಿ ಗದ್ದೆಗಿಳಿದ ಹೆಂಗಸು ಹೇಗಿರುತ್ತಾಳೋ ರಾಣಿಯೂ ಹಾಗೆಯೇ ಇದ್ದಳು. ಜರತಾರಿ ಉಟ್ಟುಕೊಂಡು ತೋಡಿನ ಕೆಸರಿಗೆ ಹೋಗಲಿಕ್ಕಾಗುತ್ತದೆಯೇ?

ದುಭಾಷಿಯ ಮೂಲಕ ಮಾತುಕತೆ ನಡೆಯಿತು. ಎಲ್ಲಿಂದ ಬಂದದ್ದು, ಯಾವ ಯಾವ ದೇಶ ನೋಡಿದ್ದು ಎಂದು ವಿಚಾರಿಸಿದಳು. ತುರ್ಕಿಯ ಸುಲ್ತಾನ, ಪರ್ಷಿಯದ ಶಾ, ಮೊಗಲ ಬಾದಶಹ ಇವರ ದೇಶಗಳನ್ನೆಲ್ಲ ಕಂಡು ಬಂದವನು ತನ್ನ ಈ ಕಾಡಿನಲ್ಲಿ ಏನು ನೋಡಲು ಬಂದನಪ್ಪ ಎಂದು ಆಕೆಗೆ ಆಶ್ಚರ್ಯ. ಮನೆ ಬಿಟ್ಟು ಇಷ್ಟು ದೂರ ಅಲೆಯುವುದಕ್ಕೆ ಪ್ರೀತಿಯಲ್ಲಿ ಆದ ನಿರಾಶೆ ಕಾರಣವೋ, ಪ್ರೀತಿಯವರು ಯಾರಾದರೂ ತೀರಿಕೊಂಡರೋ ಎಂದೂ ಕೇಳಿದಳು. ದೇಶ ದೇಶ ನೋಡಿ ಕಲಿಯುವ ಆಸೆ ಎಂಬರ್ಥದಲ್ಲಿ ಆತ ಉತ್ತರ ಕೊಟ್ಟ. ಹೆಂಡತಿ ಸತ್ತು ಆಗ ಎರಡು ವರ್ಷ ತುಂಬಿರಲಿಲ್ಲ. ಗುರುತು ಪರಿಚಯ ಇಲ್ಲದ ಪರದೇಶಿಯ ಮುಖ ನೋಡಿ ಅವನ ಒಳಗಿನ ದುಃಖದ ಹತ್ತಿರಕ್ಕೆ ಹೋದ ಆ ಪ್ರಶ್ನೆಯನ್ನು ಓದುವಾಗ ರಾಣಿ ನಮಗೆ ಮನೆಯ ಹಿರಿಯಕ್ಕನ ಹಾಗೆ ಕಾಣುತ್ತಾಳೆ.

ರಾಣಿಯ ಮಗ ಸಾಳುವರಾಯ ಆತನಿಗೆ ಅರಮನೆಯಲ್ಲಿ ಊಟ ಹಾಕಿಸಿದ. ಬೇರೆ ಜಾತಿಯವನಾದ ಕಾರಣ ಬೇರೆಯೇ ಕಡೆ ಕೂರಿಸಿ, ಎಲೆಯ ಮೇಲೆ ಅನ್ನ ಬಡಿಸಿದರು. ಆತ ತನ್ನ ಚಮಚ, ಮುಳ್ಳುಚಮಚ ತೆಗೆದು ಉಣ್ಣುವುದನ್ನು ನೋಡಿ ಸುತ್ತ ನಿಂತವರಿಗೆಲ್ಲ ವಿಸ್ಮಯ. ಪ್ರವಾಸಿ ನಮ್ಮವರನ್ನು ನೋಡಲು ಬಂದ, ನಮ್ಮವರು ಅವನನ್ನೇ ನೋಡಿ ದಣಿದರು!

ಅಲ್ಲಿಯವರಿಂದ ರಾಣಿಯ ದಿನಚರಿಯನ್ನೂ ಆತ ಕೇಳಿ ತಿಳಿದ. ಬೆಳಕು ಹರಿಯುವಾಗಲೇ ಕೆಲಸದ ಕಡೆಗೆ ಹೊರಡುವುದು. ಹಿಂದೆ ಬರುವಾಗ ಹೊತ್ತು ಹೋಗಿರುತ್ತದೆ. ಬಂದ ಮೇಲೆ ಜನರ ದೂರು, ವ್ಯಾಜ್ಯ ಕೇಳಿ ನ್ಯಾಯ ತೀರ್ಮಾನ. ಆತ ಬರೆದುಕೊಂಡ ಹೆಸರು ಅಬ್ಬಕ್ಕದೇವಿ ಚೌಟ ಎಂಬುದರ ಇಟಾಲಿಯನ್ ರೂಪ. ಒಂದಿಷ್ಟು ಅಪಭ್ರಂಶವಾದರೂ ಹೆಸರು ಸ್ಪಷ್ಟವಾಗಿಯೇ ಉಂಟು.

ಡಿಸೆಂಬರಿನಲ್ಲಿ ತೋಡಿನ ಕೆಲಸ ಯಾಕೆ?

ನಗರದವರು ಓದಿ ಮುಂದೆ ಹೋಗುವ ಈ ಸಂಗತಿ ರೈತನಾದವನಿಗೆ ಕೂಡಲೇ ಹೊಳೆಯುತ್ತದೆ. ನಮ್ಮಲ್ಲಿ ಗದ್ದೆ ಮೂರು ಬಗೆ. ಬೆಟ್ಟು, ಮಜಲು, ಬೈಲು. ಬೆಟ್ಟು ಗದ್ದೆಗೆ ಮಳೆಯೇ ಗತಿ, ಏಣಿಲು ಒಂದೇ ಬೆಳೆ. ಮಜಲಿಗೆ ಏಣಿಲು, ಸುಗ್ಗಿ ಎರಡು. ಬೈಲಿಗೆ ಮೂರನೆಯದಾಗಿ ಕೊಳಕೆಯೂ ಉಂಟು. ಏಣಿಲಿಗೆ ನೀರಿನ ಚಿಂತೆ ಇಲ್ಲ. ಮಳೆ ನಿಂತ ಮೇಲಿನ ಸುಗ್ಗಿ, ಕೊಳಕೆ ಎರಡೂ ನಿಂತಿರುವುದು ತೋಡಿನ ನೀರಿನ ಮೇಲೆ. ಅದಕ್ಕಾಗಿ ಹಳಬರು ಮಳೆಗಾಲ ಮುಗಿದು ತೋಡಿನ ನೀರು ಇಳಿಯುವ ಹೊತ್ತಿಗೆ ಕಟ್ಟ ಕಟ್ಟುತ್ತಿದ್ದರು. ಕಲ್ಲು, ಮಣ್ಣು, ಮರದ ಗೂಟ, ಸೊಪ್ಪು ಹಾಕಿ ತೋಡಿಗೆ ಅಡ್ಡ ಕಟ್ಟಿ, ನೀರು ನಿಲ್ಲಿಸಿ, ಕಾಲುವೆಯಲ್ಲಿ ಗದ್ದೆಗೆ ತಿರುಗಿಸುವುದು. ಮುಂದಿನ ಮಳೆಗೆ ಅದು ಕೊಚ್ಚಿಕೊಂಡು ಹೋದರೆ ಮತ್ತೆ ಕಟ್ಟುವುದು. ದೆಲ್ಲಾ ವಾಲ್ಲೆ ಬಂದದ್ದು ಸರಿಯಾಗಿ ಆ ಕಾಲಕ್ಕೆ. ರಾಣಿ ಡಿಸೆಂಬರಿನ ಬಿಸಿಲಿನಲ್ಲಿ ನೀರಿನ ಕೆಲಸಕ್ಕೆ ಓಡಾಡುತ್ತಿದ್ದದ್ದು ಕೊಳಕೆಯ ತಯಾರಿ ಇರಬೇಕು ಎಂದು ನಮಗೆ ಅನ್ನಿಸುತ್ತದೆ.

ಇನ್ನೊಂದು ಮಾತು. ಕಟ್ಟ ಒಬ್ಬನಿಂದ ಆಗುವ ಕೆಲಸ ಅಲ್ಲ. ಮೇಲಿನ ಮನೆಯವ ಬರಬೇಕು, ಕೆಳಗಿನ ಮನೆಯವ ಬರಬೇಕು. ಮೇಲೆ ಕಟ್ಟಿದವ ಕೆಳಗಿನವನಿಗೆ ಹನಿ ನೀರು ಬಿಡದಿದ್ದರೆ ಜಗಳ. ಯಾರಿಗೆ ಯಾವ ದಿನ ನೀರು ಎಂದು ಸರದಿ ಹಾಕಬೇಕು, ಯಾರ ಮನೆಯಿಂದ ಎಷ್ಟು ಆಳು ಎಂದು ಲೆಕ್ಕ ಇಡಬೇಕು. ಬೆಳಿಗ್ಗೆ ತೋಡಿನ ಬದಿ, ಸಂಜೆ ನ್ಯಾಯದ ಚಾವಡಿ ಎಂಬ ರಾಣಿಯ ದಿನಚರಿಯ ಎರಡು ಭಾಗಗಳು ಬೇರೆ ಬೇರೆ ಅಲ್ಲ. ನೀರು ಹಂಚುವವರಿಗೆ ನ್ಯಾಯ ಹೇಳಲು ಬರಬೇಕು, ನ್ಯಾಯ ಹೇಳುವವರಿಗೆ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಗೊತ್ತಿರಬೇಕು.

ಹಾಗೆಯೇ ಯುದ್ಧದ ಖರ್ಚು ಎಲ್ಲಿಂದ ಬಂತು ಎಂದು ಕೂಡ ಕೇಳಬೇಕಲ್ಲ. ಉಳ್ಳಾಲದ ಬಂದರಿನಿಂದ ಹೊರಟ ಹಡಗಿನಲ್ಲಿ ತುಂಬಿದ್ದದ್ದು ನಮ್ಮ ಬೈಲುಗಳ ಅಕ್ಕಿ. ಗದ್ದೆಗೆ ನೀರು ಬಂದರೆ ಅಕ್ಕಿ, ಅಕ್ಕಿ ಇದ್ದರೆ ಹಡಗು, ಹಡಗು ಇದ್ದರೆ ಹಣ, ಹಣ ಇದ್ದರೆ ದಂಡು. ಪರಂಗಿಯವರಿಗೆ ಕಪ್ಪ ಕೊಡುವುದಿಲ್ಲ ಎಂದು ಗಟ್ಟಿಯಾಗಿ ಹೇಳುವ ಧೈರ್ಯದ ಬೇರು ತೋಡಿನ ಕೆಸರಿನಲ್ಲಿತ್ತು. ಬೆಂಕಿಬಾಣದ ಕತೆಗೆ ನಾವು ಚಪ್ಪಾಳೆ ತಟ್ಟುತ್ತೇವೆ. ಆ ಬಾಣ ಎಸೆದವನ ಮಧ್ಯಾಹ್ನದ ಗಂಜಿಯ ಅಕ್ಕಿ ಬೆಳೆದ ನೀರನ್ನು ಮರೆಯುತ್ತೇವೆ.

ನಂತರದ ದಿನಗಳು

1623ರ ನಂತರ ತುಳುನಾಡಿನ ಸಣ್ಣ ಅರಸರ ಕಾಲ ಇಳಿಮುಖವಾಯಿತು. ಇಕ್ಕೇರಿಯ ಅರಸರ ಅಧಿಕಾರ ಬಲವಾಯಿತು. 1650ರ ದಶಕದ ಆರಂಭದಲ್ಲಿ ಶಿವಪ್ಪ ನಾಯಕ ಪೋರ್ಚುಗೀಸರನ್ನು ಮಂಗಳೂರಿನಿಂದ ಓಡಿಸಿದ. ಚೌಟರು ಮೂಡುಬಿದಿರೆಯ ಅರಮನೆಯಲ್ಲಿ ನೆಲೆನಿಂತರು. ಮುಂದೆ ಹೈದರ್, ಟಿಪ್ಪು, ಆಮೇಲೆ ಇಂಗ್ಲಿಷರು. ಇಂಗ್ಲಿಷರ ಕಾಲದಲ್ಲಿ ಚೌಟರಿಗೆ ಉಳಿದದ್ದು ವರ್ಷಾಶನ ಮತ್ತು ಅರಮನೆ ಮಾತ್ರ.

ರಾಣಿಯ ಹೆಸರು ಮಾತ್ರ ಅಳಿಯಲಿಲ್ಲ. ಉಳ್ಳಾಲದಲ್ಲಿ ವೀರರಾಣಿ ಅಬ್ಬಕ್ಕ ಉತ್ಸವ ನಡೆಯುತ್ತಾ ಬಂದಿದೆ. 2012ರ ಜನವರಿಯಲ್ಲಿ ಭಾರತೀಯ ಕರಾವಳಿ ಕಾವಲು ಪಡೆ ತನ್ನ ಗಸ್ತು ಹಡಗೊಂದಕ್ಕೆ ರಾಣಿ ಅಬ್ಬಕ್ಕ ಎಂದು ಹೆಸರಿಟ್ಟು ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿಸಿತು. 2023ರಲ್ಲಿ ಅಂಚೆ ಇಲಾಖೆ ಆಕೆಯ ಅಂಚೆಚೀಟಿ ತಂದಿತು. ಅದು ದೆಲ್ಲಾ ವಾಲ್ಲೆ ಮಣೇಲಿಗೆ ಬಂದು ಸರಿಯಾಗಿ 400 ವರ್ಷ. ಬಂಟ್ವಾಳದ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದವರು ತುಳು ಬದುಕು ವಸ್ತು ಸಂಗ್ರಹಾಲಯವನ್ನೇ ಕಟ್ಟಿದ್ದಾರೆ. ನೇಗಿಲು, ನೊಗ, ಕಳಸೆ, ಸೇರು ಇವೆಲ್ಲ ರಾಣಿಯ ಹೆಸರಿನ ಮಾಡಿನ ಕೆಳಗೆ ಇರುವುದು ಎಷ್ಟು ಯೋಗ್ಯ! ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಜಾಗ.

ಮನೆಮಂದಿಯೆಲ್ಲ ಸೇರಿ ಪ್ರವಾಸ ಎಂದರೆ ಈಗ ಊಟಿ, ಮೈಸೂರು ಎಂದು ಬಸ್ಸು ಗೊತ್ತು ಮಾಡುತ್ತೇವೆ. ಅದೂ ಬೇಕು. ಆದ್ರೆ ಒಂದು ಆದಿತ್ಯವಾರ ಬೆಳಿಗ್ಗೆ ಹೊರಟು ಬಂಗಾಡಿ, ವೇಣೂರು, ಮೂಡುಬಿದಿರೆ ಅರಮನೆ, ಪೊಳಲಿ, ಮಣೇಲು, ಬಂಟ್ವಾಳ ನೋಡಿಕೊಂಡು ರಾತ್ರಿ ಊಟಕ್ಕೆ ಮನೆಗೆ ಮುಟ್ಟಬಹುದು. ಒಬ್ಬ ಮನುಷ್ಯ ಹೆಂಡತಿಯ ಶವಪೆಟ್ಟಿಗೆ ಹೊತ್ತು ಅರ್ಧ ಲೋಕ ಸುತ್ತುವಾಗ ನೋಡಲು ಬಂದ ಊರನ್ನು ಇಲ್ಲಿಯೇ ಹುಟ್ಟಿದ ನಾವು ನೋಡದೆ ಇರುವುದು ಚೆಂದವಲ್ಲ.

ನಮ್ಮ ಪಾಲಿನ ಕೆಲಸ

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. 1909ರಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಂಘ ಕಟ್ಟಿ ನಮ್ಮ ಜಿಲ್ಲೆಗೆ ದಾರಿ ತೋರಿಸಿದರು. ಸಹಕಾರ ಎಂಬ ಪದ ಆಗ ಬಂದಿರಬಹುದು, ಕೆಲಸ ಅದಕ್ಕಿಂತ ಹಳತು. ಒಂದೇ ತೋಡಿನ ನೀರು ಕುಡಿಯುವ ಮನೆಗಳು ಒಟ್ಟಾಗಿ ಕಟ್ಟ ಕಟ್ಟಿದ ದಿನವೇ ಈ ನೆಲದಲ್ಲಿ ಸಹಕಾರ ಹುಟ್ಟಿದೆ.

ಈಗ ನಮ್ಮ ಬೈಲುಗಳನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಗದ್ದೆ ಇದ್ದಲ್ಲಿ ಅಡಿಕೆ ತೋಟ, ತೋಟವಿದ್ದಲ್ಲಿ ಸೈಟು. ಕೊಳಕೆ ಎಂಬ ಮಾತೇ ಮಕ್ಕಳಿಗೆ ಗೊತ್ತಿಲ್ಲ. ಕಟ್ಟ ಕಟ್ಟುವುದು ಬಿಟ್ಟು ಮನೆಗೊಂದು ಕೊಳವೆ ಬಾವಿ ಕೊರೆದದ್ದಾಯಿತು. ಮಾರ್ಚ್ ಬಂತೆಂದರೆ ಅದರಲ್ಲೂ ನೀರು ಎಷ್ಟು ಕೆಳಗೆ ಎಂದು ಎಲ್ಲರಿಗೂ ಅನುಭವ ಉಂಟು. ಅಲ್ಲಲ್ಲಿ ಕೆಲವು ಊರಿನವರು ಮತ್ತೆ ಒಟ್ಟಾಗಿ ಕಟ್ಟ ಕಟ್ಟಲು ಶುರು ಮಾಡಿದ್ದಾರೆ. ಕಿಂಡಿ ಅಣೆಕಟ್ಟಿಗೆ ಹೊತ್ತಿಗೆ ಸರಿಯಾಗಿ ಹಲಗೆ ಹಾಕಿದರೂ ಬಾವಿಯ ನೀರು ಮೇಲೆ ಬರುತ್ತದೆ. ಹಲಗೆ ಹಾಕಲು ಸರಕಾರದವರೇ ಬರಬೇಕೆಂದು ಕಾದು ಕೂತರೆ ನೀರು ಕಾಯುವುದಿಲ್ಲ.

ರಾಣಿಯ ಪ್ರತಿಮೆ ಮಾಡುವವರು ಕೈಯಲ್ಲಿ ಕತ್ತಿ ಕೊಡುತ್ತಾರೆ, ಕೊಡಲಿ. ಆಕೆಯ ಕುಟುಂಬ ಅದಕ್ಕೆ ಯೋಗ್ಯ. ನಮ್ಮ ಸಂಘದ ಸದಸ್ಯರ ಮನಸ್ಸಿನಲ್ಲಿ ಮಾತ್ರ ಬರಿಗಾಲಿನ ರಾಣಿಯೊಬ್ಬಳು ಇರಲಿ. ಬೆಳಕು ಹರಿಯುವ ಮೊದಲು ಎದ್ದು, ತಲೆಗೆ ಬಟ್ಟೆ ಹಾಕಿ, ನೀರು ಸರಿಯಾಗಿ ಹರಿಯುತ್ತದೋ ಇಲ್ಲವೋ ಎಂದು ನೋಡಲು ಹೊರಟವಳು. ಈ ವರ್ಷ ಮಳೆ ನಿಂತ ಮೇಲೆ ನಮ್ಮ ತೋಡುಗಳಿಗೆ ಕಟ್ಟ ಕಟ್ಟಲು ಮನೆಗೊಬ್ಬರು ಬಂದರೆ, ಈ ರಜತ ಮಹೋತ್ಸವಕ್ಕೆ ಅದಕ್ಕಿಂತ ದೊಡ್ಡ ಶೋಭೆ ಬೇರೆ ಬೇಡ.